ಕೊನೆಗೆ ಉಣ್ಣುವವನು

ಒಂದೇ ಬೆಳಗಿಗೆ ಇನ್ನೂರು ಕುರಿಗಳಿಗೆ ಲಸಿಕೆ ಚುಚ್ಚಿ, ಕೈ ತೊಳೆದು, ಅದೇ ಕೈಯಲ್ಲಿ ರೊಟ್ಟಿ ಮುರಿದು ತಿನ್ನುವ ಗಂಡಸು ಬಕೀಸಿಯೊ. ಅಂಥವನು ತನ್ನ ಹೊಟ್ಟೆಗೆ ಕೂದಲೆಳೆಯಂಥ ಒಂದು ಸೂಜಿ ಚುಚ್ಚಿಕೊಳ್ಳಬೇಕು ಅಂದಾಗ ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟ.

“ನೀನೇ ಚುಚ್ಚು,” ಅಂದ ಹೆಂಡತಿಗೆ.

“ಆಸ್ಪತ್ರೇಲಿ ನಿಂಗೆ ತಾನೇ ಕಲಿಸಿದ್ದು?”

“ಮರೆತೋಯ್ತು.”

“ಕುರಿಗೆ ಚುಚ್ಚೋವಾಗ ಮರೆಯಲ್ವಾ?”

“ನಾನು ಕುರಿ ಅಲ್ಲ ಕಣೇ.”

ರಿಮೇದಿಯಾ ನಗಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ಸಿರಿಂಜನ್ನು ಬೆಳಕಿಗೆ ಹಿಡಿದಳು. ಗಾಳಿಗುಳ್ಳೆ ಇದೆಯೋ ಅಂತ ನೋಡಿದಳು, ಗೆರೆ ಸರಿಯಾಗಿದೆಯೋ ಅಂತ ಮತ್ತೆ ನೋಡಿದಳು. ಔಷಧಿ ಹೆಚ್ಚು ಹೋದರೆ ಗಂಡ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಏಳದೆಯೂ ಇರಬಹುದು. ಕಡಿಮೆ ಹೋದರೆ ಒಳಗೊಳಗೇ ಒಣಗುತ್ತಾನೆ. ಡಾಕ್ಟರು ಹೇಳಿದ್ದು ಇಷ್ಟೇ, ಅದೂ ನಗುನಗುತ್ತಾ ಹೇಳಿದ್ದರು. ಹಿಟ್ಟಿಗೆ ಉಪ್ಪು ಎಷ್ಟು, ಹುಳಿ ಎಷ್ಟು ಅಂತ ಯಾವತ್ತೂ ಅಳೆಯದೆ ಇಪ್ಪತ್ತು ವರ್ಷ ರೊಟ್ಟಿ ಬೇಯಿಸಿದವಳು ರಿಮೇದಿಯಾ. ಅವಳಿಗೆ ಈಗ ಕಣ್ಣಳತೆಯನ್ನೇ ನಂಬಲು ಹೆದರಿಕೆಯಾಯಿತು.

ನಮ್ಮ ಸಾರ್ಡೀನಿಯ ದ್ವೀಪಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕಾದ ಈ ಸಕ್ಕರೆ ಕಾಯಿಲೆ ಹೊಸದೇನಲ್ಲ. ಮನೆಗೊಂದು ಅಲ್ಲದಿದ್ದರೂ ಬೀದಿಗೊಂದು ಇದ್ದೇ ಇದೆ. ಆದರೆ ಅದು ಮಕ್ಕಳಿಗೆ ಬರುವುದು ಅಂತ ಎಲ್ಲರ ಲೆಕ್ಕ. ನಲವತ್ತು ದಾಟಿದ, ಬೆಟ್ಟ ಹತ್ತಿಳಿಯುವ ಕುರಿಗಾಹಿಗೆ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು? ಚಳಿಗಾಲದಲ್ಲಿ ಹಳ್ಳ ಉಕ್ಕಿದಾಗ ಒಂದು ಕುರಿಯನ್ನು ಉಳಿಸಲು ಹೋಗಿ ಬಕೀಸಿಯೊ ನೀರಿಗೆ ಬಿದ್ದಿದ್ದ. ಆಮೇಲೆ ಶುರುವಾಯಿತು ಬಾಯಾರಿಕೆ. ಬುಗ್ಗೆಯ ನೀರೆಲ್ಲ ಇವನ ಹೊಟ್ಟೆಗೇ ಬೇಕು. ಕುಡಿದದ್ದೆಲ್ಲ ಹೊರಗೆ ಹೋಗಬೇಕು. ಸೊಂಟದ ಪಟ್ಟಿಗೆ ಹೊಸ ತೂತು ಕೊರೆದ, ಇನ್ನೊಂದು ಕೊರೆದ.

ಅವನ ತಾಯಿ ಪಸ್ಕೆದ್ದಾ ಮುದುಕಿಗೆ ಕಾರಣ ಆಗಲೇ ಗೊತ್ತಾಗಿಹೋಗಿತ್ತು. “ಬೆಚ್ಚಿದ್ದು ಕಣೋ. ನೀರಲ್ಲಿ ಬಿದ್ದಾಗ ಹೆದರಿಕೆ ಒಳಗೆ ಹೊಕ್ಕಿದೆ,” ಅಂದಳು. ಎಲ್ಲಿ ಬೆಚ್ಚಿದನೋ ಅಲ್ಲೇ ನೆಲದ ಮೇಲೆ ಉರುಳಿದರೆ ಹೆದರಿಕೆ ಮಣ್ಣಿಗೆ ಇಳಿಯುತ್ತದೆ ಅನ್ನುವುದು ಹಳಬರ ಮಾತು. ತಾಯಿಯ ಕಾಟ ತಾಳಲಾರದೆ ಮಗ ಹಳ್ಳದ ದಂಡೆಯಲ್ಲಿ ಉರುಳಿಯೂ ಬಂದ. ಕೋಟು ಕೆಸರಾಯಿತು. ಆ ವಾರವೇ ವಾಂತಿ ಹತ್ತಿ, ಉಸಿರು ಸೇದಿ, ಪಟ್ಟಣದ ಆಸ್ಪತ್ರೆ ಸೇರಿದ.

ಮನೆಗೆ ಬಂದ ದಿನ ಅವನು ಮೂವರು ಹೆಂಗಸರನ್ನೂ ಒಲೆಯ ಮುಂದೆ ಕೂರಿಸಿದ. ತಾಯಿ, ಹೆಂಡತಿ, ಹದಿನಾರರ ಮಗಳು ಅಸುಂತಾ.

“ಇದು ಈ ಬಾಗಿಲು ದಾಟಬಾರದು. ಯಾರಾದ್ರೂ ಕೇಳಿದ್ರೆ ಹೊಟ್ಟೆ ಹುಣ್ಣು ಅನ್ನಿ. ಸತ್ತೋರ ಆಣೆ ಇಡಿ.”

“ಯಾಕಪ್ಪ? ಕಾಯಿಲೆ ಬರೋದೇನು ಕಳ್ಳತನಾನಾ?” ಅಂದಳು ಅಸುಂತಾ.

“ಬೊಬೊರೆ ಮುಂದಿನ ವರ್ಷ ನನ್ನ ಜೊತೆ ಮಂದೆ ಕೂಡಿಸ್ಬೇಕೋ ಬೇಡ್ವೋ? ರೋಗಿಷ್ಟನ ಜೊತೆ ಯಾರು ಸೇರ್ತಾರೆ ಹೇಳು.”

ನಮ್ಮ ಬೆಟ್ಟದಲ್ಲಿ ಒಬ್ಬನೇ ಮಂದೆ ಕಾಯಲಾಗುವುದಿಲ್ಲ. ಇಬ್ಬರು ತಮ್ಮ ಕುರಿಗಳನ್ನು ಕೂಡಿಸಿ, ಸರದಿಯಲ್ಲಿ ಹಾಲು ಕರೆದು, ಸರದಿಯಲ್ಲಿ ಕುರಿ ಕೂಡುವ ರೊಪ್ಪದಲ್ಲಿ ಮಲಗುತ್ತಾರೆ. ಕಾಗದ ಪತ್ರ ಏನೂ ಇಲ್ಲ, ಬಾಯಿಮಾತು. ಪ್ರತಿ ಸೆಪ್ಟೆಂಬರಿಗೆ ಕೈ ಕುಲುಕಿದರೆ ಆಯಿತು. ಬೊಬೊರೆ ಹನ್ನೊಂದು ವರ್ಷದಿಂದ ಬಕೀಸಿಯೊನ ಜೊತೆಗಾರ. ಅಸುಂತಾಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ನಿಂತವನೂ ಅವನೇ, ಹಾಗಾಗಿ ಗಂಡಸರಿಬ್ಬರೂ ಒಬ್ಬರನ್ನೊಬ್ಬರು ‘ಕುಂಪಾರೆ’ ಅಂತಲೇ ಕರೆಯುತ್ತಿದ್ದರು. ಅವನು ಬಿಟ್ಟರೆ ಮಂದೆ ಮಾರಬೇಕು. ಮಂದೆ ಮಾರಿದ ಮೇಲೆ ಬಕೀಸಿಯೊ ಅಂದರೆ ಯಾರು? ಮೂವರೂ ಆಣೆ ಇಟ್ಟರು.

ಆಮೇಲೆ ಅಡುಗೆಮನೆಗೆ ತಕ್ಕಡಿ ಬಂತು. ನಮ್ಮ ತೆಳ್ಳನೆಯ ಗರಿಗರಿ ರೊಟ್ಟಿ ನೋಡಲು ಗಾಳಿಯಷ್ಟು ಹಗುರ, ಎಷ್ಟು ತಿಂದರೂ ತಿಂದಂತೆ ಕಾಣುವುದಿಲ್ಲ. ಹಾಳೆ ಹಾಳೆಯಾಗಿ ಮುರಿದು ತಿನ್ನುತ್ತಾ ಕೂತರೆ ಲೆಕ್ಕ ತಪ್ಪಿತು ಅಂತಲೇ ಅರ್ಥ. ಅದಕ್ಕೇ ಅಸುಂತಾ ಊಟಕ್ಕೆ ಮುಂಚೆ ಅಪ್ಪನ ರೊಟ್ಟಿಯನ್ನು ತೂಗಿ ಬೇರೆ ತಟ್ಟೆಯಲ್ಲಿ ಇಡುತ್ತಿದ್ದಳು.

ಪಸ್ಕೆದ್ದಾಗೆ ಅದನ್ನು ನೋಡಲಾಗಲಿಲ್ಲ.

“ಇದೇನು ಮನೆನಾ, ಅಂಗಡಿನಾ? ಹೆತ್ತ ಮಗನಿಗೆ ರೊಟ್ಟಿ ತೂಗಿ ಹಾಕೋದನ್ನ ಈ ಕಣ್ಣಲ್ಲಿ ನೋಡ್ಬೇಕಾಯ್ತಲ್ಲ!”

“ಅಜ್ಜಿ, ಡಾಕ್ಟರು ಹೇಳಿದ್ದು.”

“ಡಾಕ್ಟರಿಗೇನು ಗೊತ್ತು? ಅವನೇನು ಕುರಿ ಮೇಯಿಸ್ತಾನಾ?”

“ಮೇಯಿಸಲ್ಲ. ಅದಕ್ಕೇ ಓದಿದಾನೆ.”

“ರಿಮೇದಿಯಾ, ನಿನ್ನ ಮಗಳ ನಾಲಿಗೆ ನೋಡು!”

“ಅತ್ತೆ, ನಾಲಿಗೆ ನಿಮ್ಮ ಕಡೆಯಿಂದಲೇ ಬಂದಿದ್ದು, ನಮ್ಮ ಮನೇಲಿ ಎಲ್ಲ ಮೂಕರು,” ಅಂದಳು ರಿಮೇದಿಯಾ. ಬಕೀಸಿಯೊ ಕೂಡ ನಕ್ಕ. ಆ ತಿಂಗಳಲ್ಲಿ ಆ ಮನೆಯಲ್ಲಿ ಕೇಳಿದ ನಗು ಅದೊಂದೇ ಇರಬೇಕು.

ನಕ್ಕು ಮುಗಿಸಿದ ಮೇಲೆ ಮುದುಕಿ ಏನು ಮಾಡಿದಳು ಗೊತ್ತೇ? ಮಗ ಹೊರಗೆ ಹೊರಟಾಗ ಬಾಗಿಲ ಹಿಂದೆ ನಿಂತು, ದ್ರಾಕ್ಷಿಪಾಕದ ಸಿಹಿತುಂಡೊಂದನ್ನು ಅವನ ಬಾಯಿಗೆ ತುರುಕಿದಳು. ರಿಮೇದಿಯಾ ಕಂಡಳು. ಆಗ ಎದ್ದ ಜಗಳ ಮೂರು ಮನೆಯಾಚೆಗೆ ಕೇಳಬೇಕಿತ್ತು, ಆದರೆ ಗುಟ್ಟು ಹೊರಗೆ ಹೋಗಬಾರದಲ್ಲ, ಹಾಗಾಗಿ ಅತ್ತೆ ಸೊಸೆ ಇಬ್ಬರೂ ಪಿಸುದನಿಯಲ್ಲೇ ಜಗಳವಾಡಿದರು.

“ಮಗನ್ನ ಕೊಲ್ತೀರಾ?”

“ನೀನು ಉಪವಾಸ ಕೆಡವಿ ಕೊಲ್ತಿದ್ದೀಯ, ನಾನು ತಿನ್ನಿಸಿ ಕೊಲ್ತೀನಿ. ತಿಂದಾದ್ರೂ ಸಾಯ್ಲಿ!”

ಅಂದವಳೇ ಬಾಯಿ ಮುಚ್ಚಿಕೊಂಡು ಶಿಲುಬೆಯ ಗುರುತು ಹಾಕಿಕೊಂಡಳು. ಅವಳಿಗೂ ಹೆದರಿಕೆಯೇ. ಹೆದರಿದಾಗ ತಿನ್ನಿಸುವುದೊಂದೇ ಅವಳಿಗೆ ಗೊತ್ತಿದ್ದದ್ದು.

ಏಪ್ರಿಲ್ ಕೊನೆಗೆ ಮೊದಲ ಸಲ ಅದು ಆಯಿತು. ಹಾಲು ಊರಿಗೆ ಸಾಗಿಸಿ ಬಂದ ಬಕೀಸಿಯೊ ಮನೆಯ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಬಿಚ್ಚುತ್ತಲೇ ಇದ್ದ. ಬೆರಳು ದಾರದ ಮೇಲೆ ಸುಮ್ಮನೆ ಓಡಾಡುತ್ತಿತ್ತು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

“ಊಟಕ್ಕೆ ಬಾ,” ಅಂದಳು ರಿಮೇದಿಯಾ.

“ಯಾವ ಊಟ? ನೀನ್ಯಾರು?” ಅಂದ.

ಅವಳು ಒಳಗೆ ಓಡಿದಳು. ಜೇನಿನ ಡಬ್ಬಿ ತಂದು ಚಮಚದಲ್ಲಿ ತಿನ್ನಿಸಿದಳು. ಅವನು ಚೀಪಿದ. ಹತ್ತು ಹದಿನೈದು ನಿಮಿಷಕ್ಕೆ ಕಣ್ಣಿಗೆ ಗುರುತು ಬಂತು. “ಏನಾಯ್ತು? ಯಾಕೆ ಹಾಗೆ ನೋಡ್ತೀಯ?” ಅಂದ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ.

ಮೆಟ್ಟಿಲ ಮೇಲೆ ಆದದ್ದು ಸರಿ. ಬೆಟ್ಟದ ಮೇಲೆ ಆದರೆ? ಅವತ್ತಿನಿಂದ ರಿಮೇದಿಯಾಳ ಕಿವಿ ಬೀದಿಯಲ್ಲೇ ಇರುತ್ತಿತ್ತು. ಅವನ ಹಳೇ ಗಾಡಿಯ ಸದ್ದು ತಿರುವಿನಲ್ಲಿ ಕೇಳುವವರೆಗೆ ಅವಳು ಒಲೆಯ ಮುಂದೆ ಕೂತಿದ್ದರೂ ಕೂತಿರುತ್ತಿರಲಿಲ್ಲ. ಎರಡು ಸಲ ರೊಟ್ಟಿ ಸುಟ್ಟುಹಾಕಿದಳು. ಅವನ ಮಖಮಲ್ ಕೋಟಿನ ಒಳಗೆ ಒಂದು ಸಣ್ಣ ಜೇಬು ಹೊಲಿದು, ಸಕ್ಕರೆ ತುಂಡುಗಳನ್ನು ತುಂಬಿ ಕಳಿಸಿದಳು. ಸಂಜೆಗೆ ಜೇಬು ಖಾಲಿ.

“ತಿಂದ್ಯಾ? ತಲೆ ತಿರುಗ್ತಾ?”

“ನಾಯಿಗೆ ಹಾಕ್ದೆ. ಬೊಬೊರೆ ನೋಡ್ತಿದ್ದ. ಗಂಡಸು ಜೇಬಲ್ಲಿ ಸಕ್ಕರೆ ಇಟ್ಕೊಂಡು ಓಡಾಡ್ತಾನಾ?”

“ನಾಯಿ ಪುಣ್ಯ ಮಾಡಿತ್ತು. ನನಗೆ ಗಂಡ ಉಳೀಬೇಕು,” ಅಂದು ರಿಮೇದಿಯಾ ಮತ್ತೆ ಜೇಬು ತುಂಬಿದಳು.

ಅಸುಂತಾಳನ್ನು ಸಹಾಯಕ್ಕೆ ಅನ್ನುವ ನೆವದಲ್ಲಿ ರೊಪ್ಪಕ್ಕೆ ಕಳಿಸಿ ನೋಡಿದಳು. ಮಧ್ಯಾಹ್ನವೇ ವಾಪಸು ಬಂತು ಹುಡುಗಿ. “ಹೆಂಗಸಿಗೆ ಇಲ್ಲೇನು ಕೆಲಸ ಅಂತ ಅಪ್ಪ ಬೈದು ಓಡಿಸ್ದ. ನಾನು ಅವನ ಮುಖಾನೇ ನೋಡ್ತಾ ಕೂತಿದ್ನಂತೆ, ಸಾಯೋರನ್ನ ನೋಡೋ ಹಾಗೆ.”

“ನೋಡ್ತಿದ್ಯಾ?”

“ಇನ್ನೇನು ಮಾಡ್ಲಿ? ಕುರಿ ನೋಡೋಕೆ ಕಳಿಸಿದ್ಯಾ ನೀನು?”

ಹೀಗಿರುವಾಗ ಉಣ್ಣೆ ಕತ್ತರಿಸುವ ದಿನ ಬಂತು.

ಆ ದಿನ ನೆರೆಹೊರೆಯ ಕುರಿಗಾಹಿಗಳೆಲ್ಲ ತಮ್ಮ ತಮ್ಮ ಕತ್ತರಿ ಹಿಡಿದು ಬರುತ್ತಾರೆ. ಕೂಲಿ ಕೇಳುವವರಿಲ್ಲ, ಇವತ್ತು ನಿನ್ನ ರೊಪ್ಪ, ನಾಡಿದ್ದು ನನ್ನದು. ಕುರಿಯ ಮಾಲೀಕ ಅವರಿಗೆ ಹೊಟ್ಟೆ ತುಂಬ ಉಣಬಡಿಸಬೇಕು, ಅಷ್ಟೇ. ಅದಕ್ಕೊಂದು ರೀತಿ ಇದೆ. ಮಾಲೀಕ ತಾನೇ ವೈನು ಸುರಿಯಬೇಕು, ತಾನೇ ಮಾಂಸ ಕಡಿದು ಬಡಿಸಬೇಕು, ಬಂದವರೆಲ್ಲ ಉಂಡು ತೃಪ್ತಿಯಾದ ಮೇಲೆ ಕೊನೆಗೆ ತಾನು ಕೂರಬೇಕು. ಬಂದವರಿಗಿಂತ ಮುಂಚೆ ಒಂದು ತುಣುಕು ಬಾಯಿಗೆ ಹಾಕಿದವನ ಕತೆಯನ್ನು ಅವನ ಮೊಮ್ಮಕ್ಕಳ ಕಾಲದವರೆಗೂ ಹೇಳಿಕೊಂಡು ನಗುತ್ತಾರೆ.

ರಿಮೇದಿಯಾ ಇದನ್ನೆಲ್ಲ ಯೋಚಿಸಿಯೇ ಇದ್ದಳು. “ಅತ್ತೆ, ಮಡಕೆ ಇಳಿಸೋಕೆ ಮುಂಚೆ ಹೇಳಿ. ಚುಚ್ಚಿದ ಅರ್ಧ ಗಂಟೆಗೆ ಅವನ ಬಾಯಿಗೆ ಅನ್ನ ಬೀಳ್ಬೇಕು. ಮೊದಲನೇ ಸರದಿಯವರು ಕೂತ ತಕ್ಷಣ ಒಂದು ಬಟ್ಟಲು ಸಾರು, ರೊಟ್ಟಿ ಅವನಿಗೆ ಗುಡಿಸಲ ಹಿಂದೆ ಕೊಟ್ಟುಬಿಡೋಣ. ಯಾರಿಗೂ ಕಾಣಲ್ಲ.”

“ಆಯ್ತು ಬಿಡು,” ಅಂದಳು ಪಸ್ಕೆದ್ದಾ, ಕುರಿಮಾಂಸ, ಆಲೂಗಡ್ಡೆ, ಈರುಳ್ಳಿ ಬೇಯುತ್ತಿದ್ದ ದೊಡ್ಡ ಮಡಕೆಯಲ್ಲಿ ಸೌಟು ಆಡಿಸುತ್ತಾ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮುದುಕಿ ಸನ್ನೆ ಮಾಡಿದಳು. ಕುರಿಗಳೂ ಬೆರಳೆಣಿಕೆಯಷ್ಟೇ ಉಳಿದಿದ್ದವು. ರಿಮೇದಿಯಾ ಗಂಡನನ್ನು ಕಲ್ಲಿನ ಗುಡಿಸಲ ಹಿಂದೆ ಕರೆದಳು. ಅವನು ಬೆಳಗಿನಿಂದ ಕುರಿ ಹಿಡಿದು, ಕಾಲು ಕಟ್ಟಿ, ಕತ್ತರಿಯವರ ಮುಂದೆ ಕೆಡವಿ ಕೆಡವಿ ನೀರಾಗಿದ್ದ. ಅಂಗಿ ಎತ್ತಿ, ಮುಖ ತಿರುಗಿಸಿ ನಿಂತ. ಅವಳು ಚುಚ್ಚಿದಳು.

“ಹೋಗು. ಬೇಗ ಕೂರ್ಸು ಎಲ್ಲರ್ನೂ.”

ಅವನು ಕೈ ತಟ್ಟಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದ. ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಧೂಳೆದ್ದಿತು. ಬೆಟ್ಟದಾಚೆಯ ಊರಿನ ಸೋದರರು ಮೂವರು. ಬೆಳಗ್ಗೆ ಬರಬೇಕಾಗಿತ್ತು, ಗಾಡಿ ಕೆಟ್ಟು ನಿಂತಿತ್ತಂತೆ.

“ಸರಿಯಾದ ಹೊತ್ತಿಗೆ ಬಂದ್ರಿ, ಕೂತ್ಕೊಳಿ, ಊಟ ಮಾಡಿ,” ಅಂದ ಬಕೀಸಿಯೊ.

ಹಿರಿಯವನು ಕತ್ತರಿ ಎತ್ತಿ ತೋರಿಸಿದ. “ಕೈ ಕೊಳೆ ಮಾಡ್ಕೊಳ್ದೆ ಉಣ್ಣೋಕೆ ನಾವೇನು ಭಿಕ್ಷುಕರಾ? ಉಳಿದ ಕುರಿ ನಮಗೆ ಬಿಡು. ಆಮೇಲೆ ಊಟ.”

“ಏ, ಬೇಡ ಮಾರಾಯಾ, ಕೆಲಸ ಆಮೇಲೆ ಮಾಡಿ.”

“ಬೇಡ ಅಂದ್ರೆ ಈಗಲೇ ವಾಪಸ್ ಹೋಗ್ತೀವಿ.”

ಅವರು ಕುರಿಯ ಮುಂದೆ ಕೂತರು. ಬಂದವರು ಕೆಲಸ ಮಾಡುತ್ತಿರುವಾಗ ಉಳಿದವರು ಉಣ್ಣಲು ಕೂರುವುದುಂಟೆ? ಎದ್ದವರೆಲ್ಲ ಮತ್ತೆ ಹೋಗಿ ಅವರ ಸುತ್ತ ನಿಂತರು. ಹಾಡು ಶುರುವಾಯಿತು, ಕುಚೋದ್ಯ ಶುರುವಾಯಿತು. ಅವರ ಕತ್ತರಿಯೋ, ತುಕ್ಕು ಹಿಡಿದದ್ದು. ಒಂದೊಂದು ಕುರಿಗೂ ಯುಗ ಹಿಡಿಯಿತು.

ರಿಮೇದಿಯಾ ಬಿಸಿಲು ನೋಡಿ ಹೊತ್ತಿನ ಲೆಕ್ಕ ಹಾಕಿದಳು. ಚುಚ್ಚಿದ್ದನ್ನು ವಾಪಸು ತೆಗೆಯಲು ಬರುತ್ತದೆಯೇ? ಅದು ಒಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹಾಕಿದ ಕೈ ತನ್ನದೇ.

ಒಂದು ಕರವಸ್ತ್ರದಲ್ಲಿ ರೊಟ್ಟಿ, ಚೀಸು ಸುತ್ತಿ ಅವನು ವೈನಿನ ಹೂಜಿ ತುಂಬಲು ಬಂದಾಗ ಕೈಗಿಟ್ಟಳು. “ಈಗಲೇ ತಿನ್ನು. ನಿನ್ನ ಕಾಲಿಗೆ ಬೀಳ್ತೀನಿ.” ಅವನು ತಲೆಯಾಡಿಸಿ ಎರಡು ಹೆಜ್ಜೆ ಹೋದ. ಎದುರಿಗೆ ಒಬ್ಬ ಮುದುಕ ಕುರಿಗಾಹಿ ಬಂದ. ಬಕೀಸಿಯೊನ ಕೈ ತಾನಾಗಿಯೇ ಮುಂದೆ ಹೋಯಿತು. “ತಗೊ ಅಜ್ಜ, ಹಸಿವಾಗಿರ್ಬೇಕು.” ಕರವಸ್ತ್ರ ಸಮೇತ ಕೊಟ್ಟುಬಿಟ್ಟ.

“ಅಸುಂತಾ, ಕೋಟು! ಓಕ್ ಮರಕ್ಕೆ ನೇತು ಹಾಕಿದಾನೆ. ಒಳಗಿನ ಜೇಬಿಂದ ಸಕ್ಕರೆ ತಗೊಂಡು ಓಡು.”

ಅಸುಂತಾ ಓಡಿದಳು. ಅಪ್ಪನ ಅಂಗೈಯಲ್ಲಿ ಸಕ್ಕರೆ ಇಟ್ಟದ್ದೂ ದೂರದಿಂದ ಕಂಡಿತು. ಅವನು ಅದನ್ನು ಕಣ್ಣು ಕಿರಿದು ಮಾಡಿ ನೋಡಿದ, ಆಮೇಲೆ ಜೋರಾಗಿ, “ನಾನೇನು ಕುದುರೆನಾ?” ಅಂತ ಬಿಸಾಡಿದ. ಗಂಡಸರು ಹೋ ಅಂತ ನಕ್ಕರು. ಆ ದನಿ ಅವನದಾಗಿರಲಿಲ್ಲ. ರಿಮೇದಿಯಾ ಜೇನಿನ ಡಬ್ಬಿ ಹಿಡಿದು ಎದ್ದಳು.

ಪಸ್ಕೆದ್ದಾ ಅವಳ ಶಾಲು ಹಿಡಿದಳು. “ಎಲ್ಲಿಗೆ? ಊರ ಗಂಡಸರ ನಡುವೆ ಹೋಗಿ ಗಂಡನ ಬಾಯಿಗೆ ತುರುಕ್ತೀಯಾ? ಅವನ ಮಾನ ಹೋಗತ್ತೆ ಕಣೇ. ಇನ್ನೊಂದು ಚೂರು ತಡಿ, ಮುಗೀತಾ ಬಂತು.”

“ನಾನೇ ಚುಚ್ಚಿದ್ದು ಅತ್ತೆ.”

“ಆಣೆ ಇಟ್ಟಿದ್ದೀಯ!”

ಆಣೆ. ರಿಮೇದಿಯಾ ನಿಂತಳು. ನಿಂತದ್ದು ಎಷ್ಟು ಹೊತ್ತೋ, ಆ ಹೊತ್ತನ್ನು ಅವಳು ಆಮೇಲೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡು ನೆನೆದಳು. ಯಾಕೆಂದರೆ ಆಗಲೇ ಕೊನೆಯ ಕುರಿ ಎದ್ದು ಓಡಿತ್ತು, ಎಲ್ಲರೂ ಊಟದ ಹಲಗೆಗಳ ಮುಂದೆ ಕೂತಿದ್ದರು, ಬಕೀಸಿಯೊ ಕೈಯಲ್ಲಿ ದೊಡ್ಡ ಚಾಕು ಹಿಡಿದು ಮಾಂಸ ಕಡಿಯಲು ನಿಂತಿದ್ದ. ಚಾಕು ಮಾಂಸದ ಮೇಲೆ ಬೀಳದೆ ಹಲಗೆಯ ಮೇಲೆ ಬಿತ್ತು. ಮತ್ತೆ ಹಲಗೆಯ ಮೇಲೆ.

“ಕುಂಪಾರೆ,” ಅಂದ ಬೊಬೊರೆ ನಗುತ್ತಾ, “ನಮಗೆ ಸುರಿಯೋಕೆ ಮುಂಚೆ ಪೀಪಾಯಿ ನೀನೇ ಮುಗಿಸಿದ್ಯಾ ಹೇಗೆ?”

“ಅಮ್ಮನ ಸಾರು ಕುಡಿದೇ ಅಮಲೇರಿದೆ!” ಅಂದ ಇನ್ನೊಬ್ಬ.

ಬಕೀಸಿಯೊ ಅವರ ಕಡೆ ತಿರುಗಿದ. ಯಾರನ್ನೂ ನೋಡುತ್ತಿರಲಿಲ್ಲ. ಬಾಯಿ ಒಂದು ಕಡೆಗೆ ಎಳೆದಿತ್ತು. ಚಾಕು ಹಿಡಿದ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು.

ರಿಮೇದಿಯಾ ಶಾಲು ಕಿತ್ತುಕೊಂಡು ಓಡಿದಳು. “ಮಾನ ಹೋದ್ರೆ ಹೋಗ್ಲಿ, ಅವನು ಉಳೀಲಿ!” ಅಂದದ್ದು ಅತ್ತೆಗೆ ಕೇಳಿತೋ ಇಲ್ಲವೋ. ಕೂತ ಗಂಡಸರನ್ನು ದಾಟಿ, ಅವನ ಮಣಿಕಟ್ಟು ಹಿಡಿದು ಚಾಕು ಬೀಳಿಸಿದಳು. ಜೇನು ಅದ್ದಿದ ಬೆರಳನ್ನು ಬಾಯಿಗೆ ಒಯ್ದಾಗ ಅವನು ಬೋಳಿಮಗಳೇ ಅಂತ ಬೈದು ಎದೆಗೆ ಗುದ್ದಿದ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕೈ ಎತ್ತಿದವನಲ್ಲ. ಅವಳು ಬೀಳಲಿಲ್ಲ, ಅವನು ಬಿದ್ದ. ಹಿಮ್ಮಡಿ ನೆಲಕ್ಕೆ ಬಡಿಯತೊಡಗಿತು, ಹಲ್ಲು ಕಚ್ಚಿಕೊಂಡಿತು.

“ಕುಡಿದಿಲ್ಲ ಅವನು! ಒಂದು ಹನಿ ಕುಡಿದಿಲ್ಲ!” ಅಂತ ಕಿರುಚಿದಳು. “ಸಕ್ಕರೆ ಕಾಯಿಲೆ! ಇನ್ಸುಲಿನ್ ಹಾಕಿದೀನಿ, ಊಟ ಇಲ್ಲ! ನೀವು ಉಣ್ಲಿ ಅಂತ ಕಾಯ್ತಾ ಕಾಯ್ತಾ ಸಾಯ್ತಿದಾನೆ, ನೋಡ್ರೋ!”

ಹಾಡು ನಿಂತಿತು. ಬೊಬೊರೆ ಹಲಗೆ ಹಾರಿ ಬಂದ. ರಿಮೇದಿಯಾ ಹೇಳಿದ ಹಾಗೆ ಅವನನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡ. ಅವಳು ಕೆನ್ನೆಯ ಒಳಗೆ ಬೆರಳು ತೂರಿಸಿ ಒಸಡಿಗೆ ಜೇನು ಸವರಿದಳು, ಮತ್ತೆ ಅದ್ದಿದಳು, ಮತ್ತೆ ಸವರಿದಳು. ಅವನ ಹಲ್ಲಿಗೆ ಸಿಕ್ಕಿ ಬೆರಳು ರಕ್ತವಾಯಿತು. “ಬಕೀಸಿಯೊ, ಬಕೀಸಿಯೊ” ಅನ್ನುವುದು ಬಿಟ್ಟರೆ ಅವಳ ಬಾಯಲ್ಲಿ ಬೇರೆ ಮಾತಿಲ್ಲ. ಪಸ್ಕೆದ್ದಾ ಗುಡಿಸಲ ಬಾಗಿಲಲ್ಲಿ ಸೌಟು ಹಿಡಿದು ಹಾಗೇ ನಿಂತಿದ್ದಳು.

ಅವನು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಸುತ್ತ ನಿಂತ ಗಂಡಸರ ಬೂಟುಗಳು. ನಿಧಾನಕ್ಕೆ ಎದ್ದು ಕೂತ. ತಾಯಿ ಬಟ್ಟಲು ತುಂಬ ಸಾರು, ಆಲೂಗಡ್ಡೆ, ರೊಟ್ಟಿ ತಂದು ಮುಂದಿಟ್ಟಳು. ಯಾರೂ ಕೂತಿರಲಿಲ್ಲ, ಯಾರೂ ಒಂದು ತುತ್ತು ಮುಟ್ಟಿರಲಿಲ್ಲ. ಎಲ್ಲರ ಮುಂದೆ, ಎಲ್ಲರಿಗಿಂತ ಮೊದಲು, ತಲೆ ತಗ್ಗಿಸಿ ಬಕೀಸಿಯೊ ಉಂಡ. ಆಮೇಲೆ ಅವರೂ ಉಂಡರು, ಬೇಗ ಬೇಗ. ಯಾರೂ ಹಾಡಲಿಲ್ಲ. ಬಿಸಿಲು ಇಳಿಯುವ ಮೊದಲೇ ರೊಪ್ಪ ಖಾಲಿಯಾಯಿತು.

“ನನ್ನ ಮಾನ ಕಳೆದೆ,” ಅಂದ ಮನೆಗೆ ಬಂದ ಮೇಲೆ.

“ಕಳೆದೆ. ಬೇಕಾದ್ರೆ ಇನ್ನೊಂದ್ಸಲ ಕಳೀತೀನಿ.”

ಆಮೇಲೆ ಮಾತು ನಿಂತುಹೋಯಿತು. ಹೊತ್ತಾದಾಗ ಅವನು ಅಂಗಿ ಎತ್ತಿ ನಿಲ್ಲುತ್ತಿದ್ದ, ಅವಳು ಚುಚ್ಚುತ್ತಿದ್ದಳು, ಅಷ್ಟೇ ಸಂಸಾರ. ಒಂದು ಬೆಳಗ್ಗೆ ಅವಳ ಕೈಯ ಸೂಜಿ ಹೊಟ್ಟೆಯ ಹತ್ತಿರ ಹೋಗಿ ಹೋಗಿ ವಾಪಸು ಬಂತು.

“ನನ್ ಕೈಲಾಗಲ್ಲ. ಅವತ್ತು ಹಾಕಿದ್ದೂ ಈ ಕೈಯೇ,” ಅಂದು ಸಿರಿಂಜು ಹಿಡಿದುಕೊಂಡೇ ಅತ್ತುಬಿಟ್ಟಳು.

ಬಕೀಸಿಯೊ ಗೋಡೆಯಿಂದ ಮುಖ ತಿರುಗಿಸಿದ. ಅವಳನ್ನು ನೋಡಿದ, ಅವಳ ಬೆರಳಿನ ಮೇಲೆ ತನ್ನ ಹಲ್ಲಿನ ಗಾಯ ನೋಡಿದ. ಸಿರಿಂಜನ್ನು ಅವಳ ಕೈಯಿಂದ ತೆಗೆದುಕೊಂಡು, ಕಣ್ಣು ಬಿಟ್ಟುಕೊಂಡೇ ತಾನೇ ಚುಚ್ಚಿಕೊಂಡ.

“ಕುರಿಗಿಂತ ಸುಲಭ,” ಅಂದ.

ಜೂನ್ ಮುಗಿಯುವಾಗ ಬೊಬೊರೆ ಮನೆಗೆ ಬಂದ. ಅಷ್ಟು ದಿನ ರೊಪ್ಪದಲ್ಲಿ ಕುರಿ, ಹಾಲು, ಮೇವು ಬಿಟ್ಟು ಬೇರೆ ಮಾತಾಡಿರಲಿಲ್ಲ. ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತ. ಕೊಟ್ಟ ವೈನನ್ನು ಮುಟ್ಟಲಿಲ್ಲ.

“ಸೆಪ್ಟೆಂಬರಿಗೆ ನಾನು ಬೇರೆಯವರ ಜೊತೆ ಕೂಡಿಸ್ತೀನಿ ಕುಂಪಾರೆ.”

ಪಸ್ಕೆದ್ದಾ ಸುಮ್ಮನಿರುತ್ತಾಳೆಯೇ?

“ಹನ್ನೊಂದು ವರ್ಷ ಈ ಮನೆ ಉಪ್ಪು ತಿಂದೆ. ಕಾಯಿಲೆ ಅಂತ ಗೊತ್ತಾದ ತಕ್ಷಣ ಬಾಲ ಮುದುರ್ಕೊಂಡು ಓಡ್ತೀಯಾ? ಗಂಡಸೇನೋ ನೀನು?”

“ಹೆದರಿಕೆ ಆಗತ್ತೆ ತಾಯಿ,” ಅಂದ ಬೊಬೊರೆ. ಆ ಮಾತನ್ನು ನಮ್ಮ ಬೆಟ್ಟದ ಗಂಡಸೊಬ್ಬ ಹೆಂಗಸರ ಮುಂದೆ ಆಡಿದ್ದು ಯಾರೂ ಕೇಳಿರಲಿಲ್ಲ. “ಅವತ್ತು ಅವನ ತಲೆ ಹಿಡ್ಕೊಂಡಿದ್ದು ನಾನು. ಈಗ ಸರದಿ ಮುಗಿಸಿ ಅವನನ್ನ ಒಬ್ಬನೇ ಬಿಟ್ಟು ಬರೋಕೆ ಕಾಲು ಏಳಲ್ಲ. ಬೆಳಗ್ಗೆ ರೊಪ್ಪದ ಗೇಟು ತೆಗೆಯೋವಾಗ ದಿನಾ ಅಂದ್ಕೋತೀನಿ, ಇವತ್ತು ಸತ್ತು ಬಿದ್ದಿರ್ತಾನೆ ಅಂತ. ನನ್ ಕೈಲಾಗಲ್ಲ. ಬೈದ್ಕೊಳಿ.”

ಯಾರೂ ಬೈಯಲಿಲ್ಲ. ರಿಮೇದಿಯಾಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತನ್ನ ಎದೆಯೊಳಗಿನದನ್ನೇ ಅವನು ಹೇಳುತ್ತಿದ್ದಾನೆ ಅನ್ನಿಸಿತು. ಬೊಬೊರೆ ಟೋಪಿ ಹಾಕಿಕೊಂಡು, ಅಸುಂತಾಳ ತಲೆ ಸವರಿ ಹೊರಟುಹೋದ.

“ಮಾರಿಬಿಡೋಣ ಮಂದೇನ,” ಅಂದ ಬಕೀಸಿಯೊ, ನೆಲ ನೋಡುತ್ತಾ.

“ಯಾಕೆ ಮಾರ್ಬೇಕು? ನಾನು ಬರ್ತೀನಿ ರೊಪ್ಪಕ್ಕೆ,” ಅಂದಳು ರಿಮೇದಿಯಾ.

“ಹೆಂಗಸಾ? ಊರು ನಗತ್ತೆ.”

“ಊರು ನಕ್ಕಾಯ್ತಲ್ಲ. ಇನ್ನೆಷ್ಟು ನಗತ್ತೆ?”

“ಹಾಲು ಕರೆಯೋಕೆ ಬರತ್ತಾ ನಿಂಗೆ?”

“ನಿಂಗೆ ಚುಚ್ಕೊಳ್ಳೋಕೆ ಬರ್ತಿತ್ತಾ?”

ಅವನು ಸಹಾಯಕ್ಕೆ ತಾಯಿಯ ಕಡೆ ನೋಡಿದ. ಈ ಮಾತಿಗೆ ಮನೆ ಸೂರು ಹಾರಿಸಬೇಕಾದವಳು ಅವಳೇ. ಪಸ್ಕೆದ್ದಾ ಎದ್ದು ಒಳಕೋಣೆಗೆ ಹೋದಳು. ಪೆಟ್ಟಿಗೆ ತೆಗೆದ ಸದ್ದು ಕೇಳಿತು. ಸತ್ತ ಗಂಡನ ಕರಿ ಉಣ್ಣೆಯ ದಪ್ಪ ಮೇಲಂಗಿ ತಂದು ಸೊಸೆಯ ಹೆಗಲ ಮೇಲೆ ಹಾಕಿದಳು. ಅದು ರಿಮೇದಿಯಾಳ ಮೊಣಕಾಲು ದಾಟಿತು.

“ಬೆಟ್ಟದಲ್ಲಿ ಬೇಸಿಗೇಲೂ ಬೆಳಗ್ಗೆ ಚಳಿ,” ಅಂದಳು. “ರೊಟ್ಟಿ ನಾನು ಬೇಯಿಸ್ತೀನಿ. ಅಸುಂತಾ, ಆ ನಿನ್ನ ದರಿದ್ರ ತಕ್ಕಡಿ ಹೇಗೆ ನೋಡೋದು, ತೋರ್ಸು ಬಾ.”

ಸೆಪ್ಟೆಂಬರಿನ ಮೊದಲ ಬೆಳಗ್ಗೆ ಬೊಬೊರೆಯ ಕುರಿಗಳು ಬೇರೆ ದಾರಿ ಹಿಡಿದವು. ಉಳಿದ ಮಂದೆಯ ಹಿಂದೆ ಬಕೀಸಿಯೊ, ಅವನ ಹಿಂದೆ ರಿಮೇದಿಯಾ. ಚಹಾದಂಗಡಿಯಂತೆ ಬೆಳಗ್ಗೆಯೇ ತುಂಬುವ ಚೌಕದ ಬಾರಿನ ಮುಂದೆ ನಿಂತ ಗಂಡಸರು ಮಾತು ನಿಲ್ಲಿಸಿ ನೋಡಿದರು. ಅವಳು ಅವರನ್ನು ನೋಡಲಿಲ್ಲ. ಅವಳ ಕಣ್ಣು ಗಂಡನ ಕಾಲಿನ ಮೇಲಿತ್ತು. ಊರು ದಾಟಿ ಏರು ಹತ್ತುವಾಗ ಆ ಕಾಲು ಒಮ್ಮೆ ತಡವರಿಸಿತು.

“ನಿಲ್ಲು!”

“ಏನೇ?”

“ಕಾಲು ಎಡವಿತು.”

“ಕಲ್ಲು ಕಣೇ. ದಾರೀಲಿ ಕಲ್ಲಿರತ್ತೆ.”

“ಇರ್ಲಿ. ಒಂದು ಸಕ್ಕರೆ ತಿನ್ನು.”

“ಏನೂ ಆಗಿಲ್ಲ ನಂಗೆ.”

“ನಂಗೆ ಆಗಿದೆ. ತಿನ್ನು.”

ಅವನು ಒಳಜೇಬಿಗೆ ಕೈ ಹಾಕಿದ. ತೆಗೆದ ಸಕ್ಕರೆ ತುಂಡನ್ನು, ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಮೊದಲು ಅವಳ ಮುಂದೆ ಹಿಡಿದ.

“ನಾನೇನು ನೆಂಟಳಾ? ನೀನು ತಿನ್ನು,” ಅಂದಳು ರಿಮೇದಿಯಾ.

ಕುರಿಗಳು ಮುಂದೆ ಹೋಗುತ್ತಿದ್ದವು, ನಾಯಿ ಹಿಂತಿರುಗಿ ನೋಡುತ್ತಿತ್ತು. ಅವನು ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡ. ಹಲ್ಲಿನ ನಡುವೆ ಅದು ಕಟುಂ ಅಂತ ಒಡೆದ ಸದ್ದು ಕೇಳುವವರೆಗೂ ಅವಳು ಹೆಜ್ಜೆ ಎತ್ತಲಿಲ್ಲ.